ಅಂತರಪಟ ಸರಿಯುವ ಹೊತ್ತಿಗೆ ಯಾವ ಸ್ವಿಚರ್?

ಶಿವಮೊಗ್ಗದ ಸೋಗಾನೆ ಕಡೆಯ ಒಂದು ಮದುವೆ. ಬೆಳಗ್ಗೆ 9.30ಕ್ಕೆ ಮುಹೂರ್ತ. ಹುಡುಗಿಯ ಚಿಕ್ಕಮ್ಮ ಇದ್ದದ್ದು ನ್ಯೂಜೆರ್ಸಿಯಲ್ಲಿ. ಬೇಸಿಗೆಯ ಲೆಕ್ಕದಲ್ಲಿ ಅಲ್ಲಿ ಆಗ ಸರಿಯಾಗಿ ನಡುರಾತ್ರಿ 12 ಗಂಟೆ. ಮಕ್ಕಳನ್ನು ಮಲಗಿಸಿ, ರೇಷ್ಮೆ ಸೀರೆ ಉಟ್ಟು, ಟೀವಿ ಮುಂದೆ ಕೂತು ಲೈವ್ ನೋಡುತ್ತಿದ್ದರಂತೆ. ಭಟ್ಟರು ಮಂಗಳಾಷ್ಟಕ ಮುಗಿಸಿ ಕೈಯೆತ್ತಿದರು, ಗಟ್ಟಿಮೇಳ ಶುರುವಾಯಿತು, ಅಂತರಪಟ ಸರಿಯಿತು. ಅದೇ ಕ್ಷಣಕ್ಕೆ ಅಕ್ಷತೆ ಹಾಕಲು ಮುಂದೆ ಬಂದ ಮಂದಿಯಲ್ಲಿ ಯಾರದೋ ಕಾಲು ಎಚ್‌ಡಿಎಂಐ ವೈರಿಗೆ ತಾಗಿತು. ಪ್ಲಗ್ ಅರ್ಧ ಹೊರಬಂತು, ಪರದೆ ಕಪ್ಪಾಯಿತು. ನಾನು ಇನ್ನೊಂದು ಕ್ಯಾಮೆರಾಕ್ಕೆ ಬದಲಿಸುವಷ್ಟರಲ್ಲಿ ಹುಡುಗ, ಹುಡುಗಿ ಒಬ್ಬರ ಮುಖ ಒಬ್ಬರು ನೋಡಿಯಾಗಿತ್ತು. ಜೀರಿಗೆ ಬೆಲ್ಲ ತಲೆ ಮೇಲೆ ಬಿದ್ದಾಗಿತ್ತು.

ಸಂಜೆ ಆ ಚಿಕ್ಕಮ್ಮ ಫೋನ್ ಮಾಡಿದರು. "ಆಮೇಲೆ ಎಲ್ಲ ಚೆನ್ನಾಗಿ ಕಾಣ್ತು ಕಣಪ್ಪ. ಅದೊಂದು ಮಾತ್ರ ಕಾಣ್ಲಿಲ್ಲ."

ಅವರು ನಿದ್ದೆಗೆಟ್ಟು ಕಾದಿದ್ದು ಅದೊಂದಕ್ಕೇ. ಕಾಲು ತಾಗಿಸಿದವರದು ಏನೂ ತಪ್ಪಿಲ್ಲ. ನಡೆದಾಡುವ ದಾರಿಯಲ್ಲಿ ಸುಲಭಕ್ಕೆ ಕಳಚುವ ವೈರು ಹಾಕಿದ್ದು ನಾನು. ಅದಕ್ಕೂ ಮೊದಲು, ಅಂಥ ವೈರನ್ನೇ ಬೇಡುವ ಸ್ವಿಚರ್ ಕೊಂಡಿದ್ದೂ ನಾನೇ. ಕೊಳ್ಳುವಾಗ ನಾನು ಬಟನ್ ಎಣಿಸಿದ್ದೆ, ಎಫೆಕ್ಟ್ ಎಣಿಸಿದ್ದೆ. ಮಂಟಪದ ಉದ್ದ ಎಣಿಸಿರಲಿಲ್ಲ. ಶಿವಮೊಗ್ಗ, ಭದ್ರಾವತಿ ಸುತ್ತಮುತ್ತ ಹೊಸದಾಗಿ ಲೈವ್ ಕೆಲಸಕ್ಕೆ ಇಳಿದಿರುವ ಹುಡುಗರು ನನ್ನ ಬಳಿ ಮೊದಲು ಕೇಳುವುದು "ಯಾವ ಮಿಕ್ಸರ್ ತಗೊಳ್ಳಲಿ ಅಣ್ಣ?" ಎಂದು. ಅವರಿಗೆ ಹೇಳುವುದನ್ನೇ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಸ್ವಿಚರ್ ಮಾಡುವ ಕೆಲಸ

ಮಿಕ್ಸರ್, ಮಿಕ್ಸಿಂಗ್ ಯೂನಿಟ್, ಸ್ವಿಚರ್ ಎಲ್ಲವೂ ಒಂದೇ. ಹಲವು ಕ್ಯಾಮೆರಾಗಳ ಚಿತ್ರ ಒಳಗೆ ಬರುತ್ತದೆ, ನೀವು ಆರಿಸಿದ್ದು ಹೊರಗೆ ಹೋಗುತ್ತದೆ. ಹೊರಗೆ ಹೋಗುತ್ತಿರುವ ಚಿತ್ರಕ್ಕೆ ಪ್ರೋಗ್ರಾಂ ಎನ್ನುತ್ತಾರೆ, ಮುಂದೆ ಕಳಿಸಲು ಸಿದ್ಧವಾಗಿಟ್ಟ ಚಿತ್ರಕ್ಕೆ ಪ್ರಿವ್ಯೂ. ಒಂದರಿಂದ ಇನ್ನೊಂದಕ್ಕೆ ಥಟ್ಟನೆ ಹಾರಿದರೆ ಕಟ್, ಕರಗಿ ಸೇರಿಕೊಂಡರೆ ಮಿಕ್ಸ್. ಚಿತ್ರದ ಮೇಲೆ ಹೆಸರಿನ ಪಟ್ಟಿ ಅಥವಾ ಲೋಗೊ ಕೂರಿಸುವ ಭಾಗಕ್ಕೆ ಕೀಯರ್ ಎಂದು ಹೆಸರು.

ಕಣ್ಣಿಗೆ ಕಾಣದ ಇನ್ನೊಂದು ಕೆಲಸವೂ ಇದೆ. ಪ್ರತಿ ಕ್ಯಾಮೆರಾ ಸೆಕೆಂಡಿಗೆ 25 ಅಥವಾ 50 ಚಿತ್ರ ಕಳಿಸುತ್ತದೆ, ಆದರೆ ಎಲ್ಲವೂ ಒಂದೇ ಗಳಿಗೆಗೆ ಶುರು ಮಾಡುವುದಿಲ್ಲ. ಭಜನೆಯಲ್ಲಿ ಒಬ್ಬೊಬ್ಬರು ಒಂದೊಂದು ಕಡೆಯಿಂದ ತಾಳ ಹಿಡಿದ ಹಾಗೆ. ಸ್ವಿಚರ್ ಎಲ್ಲವನ್ನೂ ಒಂದು ತಾಳಕ್ಕೆ ತರುತ್ತದೆ. ಅದಿಲ್ಲದಿದ್ದರೆ ಬದಲಿಸಿದಾಗಲೆಲ್ಲ ಚಿತ್ರ ಹಾರುತ್ತದೆ, ಇಲ್ಲವೇ ಕಪ್ಪಾಗಿ ಮತ್ತೆ ಬರುತ್ತದೆ. ನೂರಿನ್ನೂರು ರೂಪಾಯಿಗೆ ಸಿಗುವ ಎಚ್‌ಡಿಎಂಐ ಸೆಲೆಕ್ಟರ್ ಪೆಟ್ಟಿಗೆಗೂ ನಿಜವಾದ ಸ್ವಿಚರ್‌ಗೂ ಇರುವ ವ್ಯತ್ಯಾಸ ಇದೇ.

ಇಷ್ಟೆಲ್ಲ ಯಾಕೆ ಬೇಕು ಎಂಬುದಕ್ಕೆ ನಮ್ಮೂರಿನದೇ ಉದಾಹರಣೆ ಇದೆ. 2023ರ ಫೆಬ್ರವರಿ 27ರಂದು ಸೋಗಾನೆಯಲ್ಲಿ ವಿಮಾನ ನಿಲ್ದಾಣದ ಉದ್ಘಾಟನೆ ನಡೆಯಿತು. ಅಂದು ಯಡಿಯೂರಪ್ಪನವರ 80ನೇ ಹುಟ್ಟುಹಬ್ಬ. ಅವರ ಗೌರವಕ್ಕಾಗಿ ಮೊಬೈಲ್ ಟಾರ್ಚ್ ಬೆಳಗಿಸಿ ಎಂದು ಪ್ರಧಾನಿ ವೇದಿಕೆಯಿಂದ ಕೇಳಿಕೊಂಡರು. ಮಾತಾಡುವವರು ಒಂದು ಕಡೆ, ಕೇಳುತ್ತ ಕೂತ ಹಿರಿಯರ ಮುಖ ಇನ್ನೊಂದು ಕಡೆ, ಬೆಳಕು ಹಿಡಿದ ಜನಸಾಗರ ಮತ್ತೊಂದು ಕಡೆ. ಮೂರನ್ನೂ ಒಂದೇ ಕ್ಯಾಮೆರಾ ತೋರಿಸಲಾರದು. ಮೂರರಲ್ಲಿ ಯಾವುದು, ಯಾವಾಗ ಎಂದು ನಿರ್ಧರಿಸುವ ಜಾಗ ಸ್ವಿಚರ್. ಮದುವೆಗೂ ಜಾತ್ರೆಗೂ ಕಾಲೇಜು ವಾರ್ಷಿಕೋತ್ಸವಕ್ಕೂ ಇದೇ ಲೆಕ್ಕ ಅನ್ವಯಿಸುತ್ತದೆ.

ಮೊದಲು ಇನ್‌ಪುಟ್ ಎಣಿಸಿ

ಸಾಧಾರಣ ಮದುವೆಗೆ ಎದುರಿನಿಂದ ಇಡೀ ಮಂಟಪ ಹಿಡಿಯುವ ಒಂದು ಕ್ಯಾಮೆರಾ, ಪಕ್ಕದಿಂದ ಮುಖ ಹಿಡಿಯುವ ಒಂದು, ಕೈಯಲ್ಲಿ ಹಿಡಿದು ಓಡಾಡುವ ಗಿಂಬಲ್ ಒಂದು. ಆಹ್ವಾನ ಪತ್ರಿಕೆ, ಫೋಟೊ ತೋರಿಸಲು ಲ್ಯಾಪ್‌ಟಾಪ್ ಒಂದು. ಅಲ್ಲಿಗೆ ನಾಲ್ಕು ಇನ್‌ಪುಟ್ ಮುಗಿಯಿತು. ಮನೆಯವರು ಹಿಂದಿನ ದಿನ "ಕ್ರೇನ್ ಕೂಡ ಇರಲಿ" ಎಂದರೆ ಐದನೆಯದಕ್ಕೆ ಜಾಗವಿಲ್ಲ. ಇವತ್ತು ನಿಮಗೆ ಬೇಕಾದ್ದಕ್ಕಿಂತ ಎರಡು ಇನ್‌ಪುಟ್ ಹೆಚ್ಚಿರುವ ಸ್ವಿಚರ್ ನೋಡಿ. ಇನ್‌ಪುಟ್ ಕೆಟ್ಟುಹೋಗುವುದೂ ಉಂಟು. ಒಂದು ಖಾಲಿ ಇದ್ದರೆ ಆ ದಿನದ ಕೆಲಸ ನಿಲ್ಲುವುದಿಲ್ಲ.

ಡ್ರೋನ್ ಚಿತ್ರವನ್ನೂ ರಿಮೋಟ್‌ನಿಂದ ಎಚ್‌ಡಿಎಂಐ ಮೂಲಕ ಸ್ವಿಚರ್‌ಗೆ ತರಬಹುದು. ಆದರೆ ಸೋಗಾನೆ ಸುತ್ತ ಅದು ನಮ್ಮ ಇಷ್ಟಕ್ಕೆ ಬಿಟ್ಟ ವಿಷಯ ಅಲ್ಲ. 2021ರ ಡ್ರೋನ್ ನಿಯಮಗಳ ಪ್ರಕಾರ, ಕೆಲಸ ಮಾಡುತ್ತಿರುವ ವಿಮಾನ ನಿಲ್ದಾಣದ ಆವರಣದಿಂದ 8ರಿಂದ 12 ಕಿಲೋಮೀಟರ್ ದೂರದ ಜಾಗದಲ್ಲೂ ಅನುಮತಿ ಇಲ್ಲದೆ ಹಾರಿಸಬಹುದಾದ ಎತ್ತರ 200 ಅಡಿ ಮಾತ್ರ. ಅದಕ್ಕಿಂತ ಹತ್ತಿರವಾದರೆ ಅನುಮತಿ ಇಲ್ಲದೆ ಹಾರಿಸಲೇಬಾರದು. 2023ರ ಆಗಸ್ಟ್ 31ರಿಂದ ಇಲ್ಲಿ ಪ್ರಯಾಣಿಕರ ವಿಮಾನ ಇಳಿಯುತ್ತಿದೆ. ಮದುವೆ ಒಪ್ಪಿಕೊಳ್ಳುವ ಮೊದಲೇ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಆ ಜಾಗ ಯಾವ ಬಣ್ಣದಲ್ಲಿದೆ ನೋಡಿ, ಮನೆಯವರಿಗೆ ಸ್ಪಷ್ಟವಾಗಿ ಹೇಳಿಬಿಡಿ. ಮುಗ್ಧವಾಗಿ ಹಾರಿಸಿದ ಡ್ರೋನ್ ಕೂಡ ಇಳಿಯುತ್ತಿರುವ ವಿಮಾನಕ್ಕೆ ಅಪಾಯವೇ.

ವೈರಿನ ಉದ್ದವೇ ಸ್ವಿಚರ್ ಆರಿಸುತ್ತದೆ

ಕಲ್ಯಾಣ ಮಂಟಪದ ಬಾಗಿಲ ಬಳಿ ನಿಂತು ಧಾರೆ ಮಂಟಪದ ತನಕ ಹೆಜ್ಜೆ ಹಾಕಿ. ಆಮೇಲೆ ವೈರು ಹೋಗುವ ದಾರಿಯಲ್ಲಿ, ಅಂದರೆ ಗೋಡೆಯಂಚಿನಲ್ಲಿ ಸುತ್ತಿ ಬನ್ನಿ. ನೇರ 15 ಮೀಟರ್ ಇದ್ದದ್ದು ಸುತ್ತಿ ಬಂದರೆ 30 ಆಗಿರುತ್ತದೆ. ಈ 30 ಎಂಬ ಸಂಖ್ಯೆ ನಿಮ್ಮ ಅರ್ಧ ನಿರ್ಧಾರ ಮಾಡಿಬಿಡುತ್ತದೆ.

ಸಾಮಾನ್ಯ ತಾಮ್ರದ ಎಚ್‌ಡಿಎಂಐ ವೈರು 10 ಮೀಟರ್ ದಾಟಿದ ಮೇಲೆ ನಂಬಿಕೆಗೆ ಕಷ್ಟ. ಚಿತ್ರದಲ್ಲಿ ಚುಕ್ಕಿ ಬರುತ್ತದೆ, ಆಗಾಗ ಕಪ್ಪಾಗುತ್ತದೆ. ಪ್ಲಗ್‌ಗೆ ಚಿಲಕ ಇಲ್ಲ, ಎಳೆದರೆ ಬಂದುಬಿಡುತ್ತದೆ. ಸಣ್ಣ ಕ್ಯಾಮೆರಾಗಳ ಮೈಕ್ರೋ ಎಚ್‌ಡಿಎಂಐ ಕಿಂಡಿಯಂತೂ ನಾಲ್ಕು ಸಲ ಎಳೆದಾಡಿದರೆ ಸಡಿಲವಾಗುತ್ತದೆ. ಆಪ್ಟಿಕಲ್ ಫೈಬರ್ ಎಚ್‌ಡಿಎಂಐ ವೈರು 50 ಮೀಟರ್‌ಗೂ ಸಲೀಸಾಗಿ ಹೋಗುತ್ತದೆ, ಆದರೆ ಒಂದೇ ದಿಕ್ಕಿಗೆ. ಜೊತೆಗೆ ಮಡಿಸಿದರೆ, ಕುರ್ಚಿ ಕಾಲಿಗೆ ಸಿಕ್ಕಿದರೆ ಒಳಗಿನ ಎಳೆ ಮುರಿಯುತ್ತದೆ. ಅದನ್ನು ಮಂಟಪದಲ್ಲಿ ಕೂತು ರಿಪೇರಿ ಮಾಡಲಾಗದು.

ಎಸ್‌ಡಿಐ ಬೇರೆ ಜಾತಿ. ಇದು ಟೀವಿಯವರ ವೈರು: 75 ಓಮ್‌ನ ಕೋಆಕ್ಸಿಯಲ್ ಕೇಬಲ್, ತುದಿಯಲ್ಲಿ ತಿರುಗಿಸಿ ಭದ್ರಪಡಿಸುವ ಬಿಎನ್‌ಸಿ ಕನೆಕ್ಟರ್. ಒಳ್ಳೆಯ ಕೇಬಲ್ ಇದ್ದರೆ 1080 ಚಿತ್ರ 80 ಮೀಟರ್ ತನಕ ತೊಂದರೆಯಿಲ್ಲದೆ ಬರುತ್ತದೆ. ಕಾಲು ತಾಗಿದರೆ ಕಳಚುವುದಿಲ್ಲ. ತುದಿ ಹಾಳಾದರೆ ಕತ್ತರಿಸಿ ಹೊಸ ಕನೆಕ್ಟರ್ ಕ್ರಿಂಪ್ ಮಾಡಬಹುದು.

ಹಾಗಾಗಿ ನಾನು ಹೇಳುವುದು ಇಷ್ಟು. ಸ್ವಿಚರ್ ಮತ್ತು ಕ್ಯಾಮೆರಾ ಎಲ್ಲ ಒಂದೇ ಕೋಣೆಯ ಐದಾರು ಮೀಟರ್ ಒಳಗೆ ಇದ್ದರೆ, ಅಂದರೆ ಪಾಡ್‌ಕಾಸ್ಟ್, ಸಂಗೀತ ಪಾಠ, ಮನೆಯ ಪೂಜೆಯಂಥ ಕೆಲಸಕ್ಕೆ, ಎಚ್‌ಡಿಎಂಐ ಸ್ವಿಚರ್ ಸಾಕು. ಮಂಟಪ, ರಂಗಮಂದಿರ, ಮೈದಾನಕ್ಕೆ ಹೋಗುವವರು ಎಸ್‌ಡಿಐ ಇರುವುದನ್ನೇ ನೋಡಿ. ಅಷ್ಟು ದುಡ್ಡಿಲ್ಲದಿದ್ದರೆ ಕೊನೆಯ ಪಕ್ಷ ದೂರದ ಒಂದು ಕ್ಯಾಮೆರಾಕ್ಕೆ ಎಚ್‌ಡಿಎಂಐಯನ್ನು ಎಸ್‌ಡಿಐ ಮಾಡಿ, ಸ್ವಿಚರ್ ಬಳಿ ಮತ್ತೆ ಎಚ್‌ಡಿಎಂಐ ಮಾಡುವ ಕನ್ವರ್ಟರ್ ಜೋಡಿ ಕೊಳ್ಳಿ. ಎರಡಕ್ಕೂ ಕರೆಂಟ್ ಬೇಕು ಎಂಬುದು ನೆನಪಿರಲಿ. ವೈರ್‌ಲೆಸ್ ಟ್ರಾನ್ಸ್‌ಮಿಟರ್ ಗಿಂಬಲ್‌ಗೆ ಅನುಕೂಲ. ಆದರೆ ಜನರ ಮೈಯೇ ಅದರ ತರಂಗಕ್ಕೆ ಅಡ್ಡ. ಖಾಲಿ ಮಂಟಪದಲ್ಲಿ ಚೆನ್ನಾಗಿ ಬಂದದ್ದು ಐನೂರು ಜನ ತುಂಬಿದ ಮೇಲೆ ಬರುತ್ತದೆಂಬ ಭರವಸೆ ಇಲ್ಲ. ಮುಹೂರ್ತ ಹಿಡಿಯುವ ಕ್ಯಾಮೆರಾಕ್ಕೆ ವೈರೇ ಇರಬೇಕು.

ಐವತ್ತರ ಲೆಕ್ಕ

ನಮ್ಮ ದೇಶದ ಕರೆಂಟು 50 ಹರ್ಟ್ಸ್. ಹಾಲ್‌ನ ಸಾಮಾನ್ಯ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣದಿದ್ದರೂ ಕ್ಯಾಮೆರಾಕ್ಕೆ ಕಾಣುತ್ತದೆ. ಕ್ಯಾಮೆರಾವನ್ನು 30 ಅಥವಾ 60 ಫ್ರೇಮ್‌ಗೆ ಇಟ್ಟು, ಶಟರ್ 1/60 ಮಾಡಿದರೆ ಚಿತ್ರದಲ್ಲಿ ಪಟ್ಟೆ ಓಡುತ್ತದೆ. ಎಲ್ಲ ಕ್ಯಾಮೆರಾಗಳನ್ನೂ 25 ಅಥವಾ 50 ಫ್ರೇಮ್‌ಗೆ, ಶಟರ್ 1/50ಕ್ಕೆ ಇಟ್ಟುಕೊಳ್ಳಿ. ಸ್ವಿಚರ್‌ನ ಮೂಲ ಅಳತೆಯೂ ಅದೇ ಇರಲಿ.

ಕೆಲವು ಸ್ವಿಚರ್‌ಗಳು ಎಲ್ಲ ಇನ್‌ಪುಟ್‌ಗಳೂ ಒಂದೇ ಅಳತೆಯಲ್ಲಿ ಬರಬೇಕೆಂದು ಹಟ ಹಿಡಿಯುತ್ತವೆ. ಒಂದು ಕ್ಯಾಮೆರಾ 1080ಪಿ50, ಲ್ಯಾಪ್‌ಟಾಪ್ 60 ಆದರೆ ಲ್ಯಾಪ್‌ಟಾಪ್ ಚಿತ್ರ ಬರುವುದೇ ಇಲ್ಲ. ಪ್ರತಿ ಇನ್‌ಪುಟ್‌ಗೂ ಸ್ಕೇಲರ್ ಇರುವ ಸ್ವಿಚರ್ ಆದರೆ ಏನೇ ಬಂದರೂ ತನ್ನ ಅಳತೆಗೆ ತಂದುಕೊಳ್ಳುತ್ತದೆ. ಬೇರೆ ಬೇರೆ ಕಡೆಯಿಂದ ಕ್ಯಾಮೆರಾ ಬಾಡಿಗೆ ತರುವ ನಮ್ಮಂಥವರಿಗೆ ಇದು ನೂರು ಎಫೆಕ್ಟ್‌ಗಿಂತ ದೊಡ್ಡ ಉಪಕಾರ. ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆಗಳಲ್ಲಿ ಇದನ್ನು ಬರೆದಿಟ್ಟುಕೊಳ್ಳಿ.

ಧ್ವನಿಯಲ್ಲಿ ವಾಲಗ ಎಲ್ಲಿ?

ಭದ್ರಾವತಿ ಆಕಾಶವಾಣಿ ಕೇಳುತ್ತ ಬೆಳೆದ ಜಿಲ್ಲೆ ನಮ್ಮದು. ಬರೀ ಧ್ವನಿಯಿಂದ ಇಡೀ ನಾಟಕ ಕಣ್ಣಿಗೆ ಕಟ್ಟುತ್ತಿತ್ತು. ಚಿತ್ರ ಎರಡು ಸೆಕೆಂಡ್ ಹೋದರೆ ನೋಡುವವರು ಸಹಿಸುತ್ತಾರೆ, ಧ್ವನಿ ಹೋದರೆ ಎದ್ದು ಹೋಗುತ್ತಾರೆ.

ಹೆಚ್ಚಿನವರು ಮೈಕ್ ಸೆಟ್‌ನವರಿಂದ ಒಂದು ವೈರು ಎಳೆದು ಸ್ವಿಚರ್‌ಗೆ ಹಾಕಿ ಸುಮ್ಮನಾಗುತ್ತಾರೆ. ಅಲ್ಲಿ ಒಂದು ಸೂಕ್ಷ್ಮ ಇದೆ. ಮೈಕ್ ಇರುವುದು ಭಟ್ಟರಿಗೆ ಮಾತ್ರ. ನಾದಸ್ವರಕ್ಕೆ, ಡೋಲಿಗೆ ಮೈಕ್ ಬೇಕಿಲ್ಲ, ಅವು ಹಾಗೆಯೇ ಹಾಲ್ ತುಂಬುತ್ತವೆ. ಆದ್ದರಿಂದ ಆ ವೈರಿನಲ್ಲಿ ವಾಲಗ ಬರುವುದೇ ಇಲ್ಲ. ಗಟ್ಟಿಮೇಳ ಮೊಳಗುವಾಗ ಲೈವ್ ನೋಡುವವರಿಗೆ ಭಟ್ಟರ ಉಸಿರು ಮಾತ್ರ ಕೇಳಿಸುತ್ತದೆ. ಇದಕ್ಕೆ ಪರಿಹಾರ, ಹಾಲ್‌ನ ಧ್ವನಿ ಹಿಡಿಯುವ ಇನ್ನೊಂದು ಮೈಕ್. ಅದಕ್ಕಾಗಿ ಸ್ವಿಚರ್‌ನಲ್ಲಿ ಕನಿಷ್ಠ ಎರಡು ಆಡಿಯೋ ಇನ್‌ಪುಟ್ ಇರಬೇಕು, ಎರಡರ ಮಟ್ಟವನ್ನೂ ಬೇರೆ ಬೇರೆ ಏರಿಳಿಸಲು ಬರಬೇಕು. ಗಟ್ಟಿಮೇಳ ಶುರುವಾದಾಗ ಧ್ವನಿ ಒಡೆಯದಂತೆ ತಡೆಯುವ ಲಿಮಿಟರ್ ಇದ್ದರೆ ಇನ್ನೂ ಒಳ್ಳೆಯದು.

ಇನ್ನೆರಡು ಮಾತು. ಮೈಕ್ ಸೆಟ್‌ನಿಂದ ಬರುವುದು ಲೈನ್ ಮಟ್ಟದ ಧ್ವನಿ. ಸ್ವಿಚರ್‌ನ ಮೆನುವಿನಲ್ಲಿ ಅದು ಮೈಕ್ ಎಂದಿದ್ದರೆ ಎಲ್ಲ ಕರಕರ ಆಗುತ್ತದೆ. ಮತ್ತೊಂದು, ಧ್ವನಿ ವೈರಿನಲ್ಲಿ ನೇರ ಬರುತ್ತದೆ, ಚಿತ್ರ ಕ್ಯಾಮೆರಾ ಮತ್ತು ಸ್ವಿಚರ್ ಒಳಗೆ ಸ್ವಲ್ಪ ತಡೆದು ಬರುತ್ತದೆ. 25ರ ಲೆಕ್ಕದಲ್ಲಿ ಒಂದು ಫ್ರೇಮ್ ಎಂದರೆ 40 ಮಿಲಿಸೆಕೆಂಡ್. ಮೂರು ಫ್ರೇಮ್ ತಡವಾದರೆ 120 ಮಿಲಿಸೆಕೆಂಡ್, ಮಾತು ಮೊದಲು, ತುಟಿ ಆಮೇಲೆ. ಆಡಿಯೋ ಡಿಲೇ ಹೊಂದಿಸುವ ಸೌಲಭ್ಯ ಇರುವ ಸ್ವಿಚರ್ ಆದರೆ ಒಬ್ಬರನ್ನು ಕ್ಯಾಮೆರಾ ಎದುರು ನಿಲ್ಲಿಸಿ, ಚಪ್ಪಾಳೆ ತಟ್ಟಿಸಿ, ಎರಡು ನಿಮಿಷದಲ್ಲಿ ಸರಿಮಾಡಬಹುದು.

ಹೊರಗೆ ಹೋಗುವ ಮೂರು ದಾರಿ

ಈಗಿನ ಕಾರ್ಯಕ್ರಮದಲ್ಲಿ ಚಿತ್ರ ಮೂರು ಕಡೆ ಹೋಗಬೇಕು: ಲೈವ್‌ಗೆ, ರೆಕಾರ್ಡಿಂಗ್‌ಗೆ, ಹಾಲ್‌ನ ಎಲ್‌ಇಡಿ ವಾಲ್‌ಗೆ. ಲೈವ್‌ನಲ್ಲಿ ಹೆಸರಿನ ಪಟ್ಟಿ ಬೇಕು, ವಾಲ್‌ನಲ್ಲಿ ಬೇಡ. ವಾಲ್‌ನಲ್ಲಿ ಊಟದ ಸೂಚನೆ ಬೇಕು, ಲೈವ್‌ನಲ್ಲಿ ಬೇಡ. ಹೀಗೆ ಬೇರೆ ಚಿತ್ರ ಕಳಿಸಲು ಆಕ್ಸ್ ಔಟ್ ಎಂಬ ಪ್ರತ್ಯೇಕ ದಾರಿ ಬೇಕಾಗುತ್ತದೆ. ಒಂದೇ ಔಟ್ ಇರುವ ಸ್ವಿಚರ್ ಕೊಂಡರೆ ಅದನ್ನು ವಾಲ್‌ಗೆ ಕೊಟ್ಟ ಮೇಲೆ ನಿಮ್ಮ ಮಾನಿಟರ್‌ಗೆ ಉಳಿಯುವುದು ಏನೂ ಇಲ್ಲ.

ಎಲ್ಲ ಕ್ಯಾಮೆರಾಗಳನ್ನೂ ಒಂದೇ ಪರದೆಯಲ್ಲಿ ತೋರಿಸುವ ಮಲ್ಟಿವ್ಯೂ ಇಲ್ಲದ ಸ್ವಿಚರ್ ಕಾರ್ಯಕ್ರಮದ ಕೆಲಸಕ್ಕೆ ಬೇಡ. ಬ್ಲ್ಯಾಕ್‌ಮ್ಯಾಜಿಕ್ ಕಂಪನಿ 2019ರಲ್ಲಿ 295 ಡಾಲರ್‌ಗೆ ಎಟೆಮ್ ಮಿನಿ ತಂದಾಗ ನಾಲ್ಕು ಎಚ್‌ಡಿಎಂಐ ಇನ್‌ಪುಟ್ ಅಷ್ಟು ಅಗ್ಗಕ್ಕೆ ಸಿಕ್ಕಿತೆಂದು ಸಣ್ಣ ತಂಡದವರಿಗೆಲ್ಲ ಖುಷಿಯಾಯಿತು. ಪ್ರತಿ ಇನ್‌ಪುಟ್‌ಗೂ ಅಳತೆ ಬದಲಿಸುವ ಶಕ್ತಿ ಅದರಲ್ಲಿತ್ತು. ಆದರೆ ಮಲ್ಟಿವ್ಯೂ ಇರಲಿಲ್ಲ. 2020ರಲ್ಲಿ ಬಂದ ಎಟೆಮ್ ಮಿನಿ ಪ್ರೊ ಮಲ್ಟಿವ್ಯೂ, ಯುಎಸ್‌ಬಿ ಡಿಸ್ಕ್‌ಗೆ ರೆಕಾರ್ಡಿಂಗ್, ಕಂಪ್ಯೂಟರ್ ಇಲ್ಲದೆ ನೇರ ಲೈವ್ ಮೂರನ್ನೂ ಕೊಟ್ಟಿತು. ಐಎಸ್‌ಒ ಎಂಬ ಮಾದರಿ ಪ್ರತಿ ಕ್ಯಾಮೆರಾವನ್ನೂ ಬೇರೆ ಬೇರೆ ಫೈಲ್ ಆಗಿ ಉಳಿಸುತ್ತದೆ. ಲೈವ್‌ನಲ್ಲಿ ತಪ್ಪು ಕ್ಯಾಮೆರಾ ಒತ್ತಿದ್ದರೂ ಆಮೇಲೆ ಎಡಿಟ್ ಮಾಡುವಾಗ ಸರಿಪಡಿಸಬಹುದು. ಅಂದಿನ ಮದುವೆಯಲ್ಲಿ ನನ್ನ ಬಳಿ ಇದಿದ್ದರೆ ಪಕ್ಕದ ಕ್ಯಾಮೆರಾದಲ್ಲಿದ್ದ ಆ ಕ್ಷಣವನ್ನು ಚಿಕ್ಕಮ್ಮನಿಗೆ ಮರುದಿನವಾದರೂ ಕಳಿಸಬಹುದಿತ್ತು.

ನೆಟ್‌ನ ಲೆಕ್ಕ ಬೆರಳಲ್ಲೇ ಮಾಡಬಹುದು

1080 ಲೈವ್ ಸುಮಾರು 6 ಎಂಬಿಪಿಎಸ್ ವೇಗದಲ್ಲಿ ಹೋಗುತ್ತದೆ ಎಂದಿಟ್ಟುಕೊಳ್ಳಿ. ಗಂಟೆಗೆ 3600 ಸೆಕೆಂಡ್, ಎಂಟು ಬಿಟ್‌ಗೆ ಒಂದು ಬೈಟ್. ಲೆಕ್ಕ ಹಾಕಿದರೆ ಗಂಟೆಗೆ 2.7 ಜಿಬಿ. ನಾಲ್ಕು ಗಂಟೆಯ ಮದುವೆಗೆ 10.8 ಜಿಬಿ. ದಿನಕ್ಕೆ 1.5 ಜಿಬಿ ಸಿಗುವ ಸಿಮ್ ಹಾಕಿ ಕೂತರೆ 33 ನಿಮಿಷಕ್ಕೆ ಖಾಲಿ, ಆಮೇಲೆ ವೇಗ ಬಿದ್ದುಹೋಗಿ ಲೈವ್ ಅಲ್ಲಿಗೇ ನಿಲ್ಲುತ್ತದೆ.

ಅಪ್‌ಲೋಡ್ ವೇಗ ಬೇಕಾದ್ದರ ಎರಡರಷ್ಟು, ಅಂದರೆ 12 ಎಂಬಿಪಿಎಸ್ ಇರಲಿ. ಅದನ್ನು ಖಾಲಿ ಹಾಲ್‌ನಲ್ಲಿ ಅಳೆದು ನಂಬಬೇಡಿ. ಸಾಗರದ ಮಾರಿಕಾಂಬಾ ಜಾತ್ರೆಯಲ್ಲೋ ಶಿವಮೊಗ್ಗದ ದಸರಾದಲ್ಲೋ ಸಾವಿರಾರು ಫೋನ್ ಒಂದೇ ಟವರ್‌ಗೆ ಜೋತುಬಿದ್ದಾಗ ಹಿಂದಿನ ದಿನದ ವೇಗಕ್ಕೆ ಅರ್ಥವೇ ಇರುವುದಿಲ್ಲ. ಪಟ್ಟಣದಲ್ಲಿ ಮಂಟಪದ ಫೈಬರ್ ಸಂಪರ್ಕಕ್ಕೆ ವೈರು ಎಳೆದುಕೊಳ್ಳಿ. ತೀರ್ಥಹಳ್ಳಿ, ಹೊಸನಗರ ಕಡೆ ಹೋದರೆ ಎರಡು ಬೇರೆ ಕಂಪನಿಯ ಸಿಮ್ ಇಟ್ಟುಕೊಳ್ಳಿ. 720ಕ್ಕೆ ಇಳಿಸಿ, ಚಿತ್ರ ಸ್ವಲ್ಪ ಮಸುಕಾದರೂ ನಿಲ್ಲದೆ ಹೋಗಲಿ.

ಹೊಸ ಯೂಟ್ಯೂಬ್ ಚಾನೆಲ್‌ನಲ್ಲಿ ಲೈವ್ ಚಾಲೂ ಆಗಲು 24 ಗಂಟೆ ತನಕ ಹಿಡಿಯಬಹುದು. ಮದುವೆ ದಿನ ಬೆಳಗ್ಗೆ ಚಾನೆಲ್ ತೆರೆಯಬೇಡಿ. ವಾಲಗದವರು ಸಿನಿಮಾ ಹಾಡು ನುಡಿಸಿದರೆ ಅಥವಾ ಸ್ಪೀಕರ್‌ನಲ್ಲಿ ಹಾಡು ಹಾಕಿದರೆ ಹಕ್ಕುಸ್ವಾಮ್ಯದ ದೂರು ಬಂದು ಧ್ವನಿ ಮುಚ್ಚಬಹುದು. ಡಿಸ್ಕ್‌ನಲ್ಲಿ ರೆಕಾರ್ಡಿಂಗ್ ಇದ್ದರೆ ಮನೆಯವರಿಗೆ ಏನೂ ನಷ್ಟವಾಗುವುದಿಲ್ಲ. ಲಿಂಕ್ ಎಲ್ಲರಿಗೂ ಕಾಣಬೇಕೋ, ಕಳಿಸಿದವರಿಗೆ ಮಾತ್ರವೋ ಎಂಬುದನ್ನೂ ಮನೆಯವರನ್ನೇ ಕೇಳಿ.

ಪೆಟ್ಟಿಗೆಯೋ, ಕಂಪ್ಯೂಟರೋ?

ಓಬಿಎಸ್ ಎಂಬ ತಂತ್ರಾಂಶ ಉಚಿತ, ವಿಮಿಕ್ಸ್ ದುಡ್ಡು ಕೊಟ್ಟು ಕೊಳ್ಳುವಂಥದ್ದು. ಎರಡರಲ್ಲೂ ಸ್ವಿಚರ್‌ನ ಕೆಲಸವನ್ನೆಲ್ಲ ಕಂಪ್ಯೂಟರ್‌ನಲ್ಲೇ ಮಾಡಬಹುದು. ಆಟದ ಅಂಕಪಟ್ಟಿ, ಕನ್ನಡ ಅಕ್ಷರದ ಹೆಸರಿನ ಪಟ್ಟಿ, ದೂರದ ಅತಿಥಿಯನ್ನು ಪರದೆಗೆ ತರುವುದು ಇವೆಲ್ಲ ಅಲ್ಲಿ ಸುಲಭ. ಕಲಿಯುವವರು ಓಬಿಎಸ್‌ನಿಂದಲೇ ಶುರು ಮಾಡಲಿ, ಖರ್ಚಿಲ್ಲದೆ ಕೈ ಪಳಗುತ್ತದೆ. ಆದರೆ ಕಂಪ್ಯೂಟರ್ ಬಿಸಿಯಾಗುತ್ತದೆ, ಅಪ್‌ಡೇಟ್ ಕೇಳುತ್ತದೆ, ಒಮ್ಮೊಮ್ಮೆ ಸ್ತಬ್ಧವಾಗುತ್ತದೆ. ಮುಹೂರ್ತದಂಥ, ಮತ್ತೆ ಬಾರದ ಗಳಿಗೆಗೆ ನಾನು ಪೆಟ್ಟಿಗೆಯ ಸ್ವಿಚರ್ ಇಟ್ಟುಕೊಂಡು, ಅಕ್ಷರದ ಕೆಲಸಕ್ಕೆ ಮಾತ್ರ ಲ್ಯಾಪ್‌ಟಾಪನ್ನು ಒಂದು ಇನ್‌ಪುಟ್ ಮಾಡಿಕೊಳ್ಳುತ್ತೇನೆ. ಲ್ಯಾಪ್‌ಟಾಪ್ ನಿಂತರೆ ಹೆಸರು ಹೋಗುತ್ತದೆ, ಮದುವೆ ಹೋಗುವುದಿಲ್ಲ.

ಕ್ಯಾಮೆರಾ ಹಿಡಿದವನಿಗೆ ತಾನು ಈಗ ಲೈವ್‌ನಲ್ಲಿದ್ದೇನೆಂದು ತಿಳಿಸುವ ಕೆಂಪು ದೀಪಕ್ಕೆ ಟ್ಯಾಲಿ ಎನ್ನುತ್ತಾರೆ. ಅದಿಲ್ಲದಿದ್ದರೆ ಅವನು ಲೈವ್‌ನಲ್ಲಿರುವಾಗಲೇ ಕ್ಯಾಮೆರಾ ಅತ್ತಿತ್ತ ತಿರುಗಿಸುತ್ತಾನೆ. ಸ್ವಿಚರ್‌ನಲ್ಲಿ ಟ್ಯಾಲಿ ಔಟ್ ಇದೆಯೇ ನೋಡಿ. ಅವನ ಜೊತೆ ಮಾತಾಡಲು ಕಿವಿ ಮುಚ್ಚುವ ಹೆಡ್‌ಸೆಟ್ ಬೇಕು. ಡೋಲಿನ ಪಕ್ಕ ನಿಂತವನಿಗೆ ಫೋನ್ ಕರೆ ಕೇಳಿಸದು.

ಕರೆಂಟು

ಲೈನ್ ಹೋಗಿ ಜನರೇಟರ್ ಎದ್ದುಕೊಳ್ಳಲು ಕೆಲವು ಸೆಕೆಂಡ್ ಸಾಕು. ಆದರೆ ಅಷ್ಟರಲ್ಲಿ ಸ್ವಿಚರ್ ಆಫ್ ಆಗಿ ಆನ್ ಆಗುತ್ತದೆ, ರೂಟರ್ ಮತ್ತೆ ನೆಟ್ ಹುಡುಕುತ್ತದೆ, ಲೈವ್ ಕಡಿದುಹೋಗುತ್ತದೆ. ಸ್ವಿಚರ್, ರೂಟರ್, ಕನ್ವರ್ಟರ್ ಎಲ್ಲವೂ ಒಂದು ಯುಪಿಎಸ್ ಮೇಲಿರಲಿ. ಕಂಪ್ಯೂಟರ್‌ಗೆ ಇಡುವ 600 ವಿಎ ಯುಪಿಎಸ್ ಇಷ್ಟಕ್ಕೆ ಸಾಕು. ಮೈಕ್ ಸೆಟ್ ಒಂದು ಸಾಕೆಟ್, ನೀವು ಇನ್ನೊಂದು ಸಾಕೆಟ್ ಎಂದಾದರೆ ಅರ್ಥ್ ವ್ಯತ್ಯಾಸದಿಂದ ಗುಂಯ್ ಎಂಬ ಸದ್ದು ಬರುತ್ತದೆ, ಕೆಲವೊಮ್ಮೆ ಎಚ್‌ಡಿಎಂಐ ಕಿಂಡಿಯೇ ಸುಡುತ್ತದೆ. ನಡುವೆ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಇರುವ ಸಣ್ಣ ಡಿಐ ಬಾಕ್ಸ್ ಹಾಕಿದರೆ ಆ ಸದ್ದು ನಿಲ್ಲುತ್ತದೆ.

ದುಡ್ಡು ಕೊಡುವ ಮೊದಲು

ಮನಸ್ಸಿಗೆ ಬಂದ ಮಾದರಿಯನ್ನು ಒಂದು ದಿನಕ್ಕೆ ಬಾಡಿಗೆಗೆ ತನ್ನಿ. ನಾಲ್ಕು ಗಂಟೆ ಬಿಡದೆ ಓಡಿಸಿ, ಮುಟ್ಟಿ ನೋಡಿ, ಎಷ್ಟು ಬಿಸಿಯಾಗಿದೆ? ಎಲ್ಲ ಇನ್‌ಪುಟ್‌ಗೂ ವೈರು ಹಾಕಿ, ಒಂದನ್ನು ಬೇಕೆಂದೇ ಕಿತ್ತು ಮತ್ತೆ ಹಾಕಿ, ಚಿತ್ರ ಎಷ್ಟು ಸೆಕೆಂಡ್‌ಗೆ ಮರಳಿತು? ಕತ್ತಲಲ್ಲಿ ಬಟನ್ ಕೈಗೆ ಸಿಗುತ್ತದೆಯೇ? ಬಜೆಟ್‌ನಲ್ಲಿ ಮೂರರಲ್ಲಿ ಒಂದು ಪಾಲನ್ನು ವೈರು, ಕನ್ವರ್ಟರ್, ಯುಪಿಎಸ್‌ಗೆ ಎತ್ತಿಡಿ. ಉಳಿದ ದುಡ್ಡಿಗೆ ಬರುವ ಸ್ವಿಚರೇ ನಿಮ್ಮ ಸ್ವಿಚರ್.

ಈಗ ನಾನು ಮದುವೆಯ ಹಿಂದಿನ ಸಂಜೆ ಮಂಟಪಕ್ಕೆ ಹೋಗಿ ಹೆಜ್ಜೆ ಹಾಕಿ ಅಳೆಯುತ್ತೇನೆ. ವೈರು ಹೋಗುವ ದಾರಿಯನ್ನು ಕಾಗದದ ಮೇಲೆ ಗೀಚಿ, ನೆಲಕ್ಕೆ ಟೇಪ್ ಅಂಟಿಸುತ್ತೇನೆ. ಎದುರಿನ ಕ್ಯಾಮೆರಾ ಎಸ್‌ಡಿಐಯಲ್ಲಿ ಬರುತ್ತದೆ, ಪಕ್ಕದ್ದು ಬೇರೆ ದಾರಿಯಲ್ಲಿ. ಒಂದು ಹೋದರೆ ಇನ್ನೊಂದು ಪ್ರಿವ್ಯೂನಲ್ಲಿ ಸಿದ್ಧವಾಗಿ ಕಾಯುತ್ತಿರುತ್ತದೆ. ಕೊನೆಗೆ ಭಟ್ಟರನ್ನು ಹುಡುಕಿಕೊಂಡು ಹೋಗಿ ಒಂದು ಪ್ರಶ್ನೆ ಕೇಳುತ್ತೇನೆ: "ನಾಳೆ ಅಂತರಪಟ ಮೇಲಕ್ಕೆ ಎತ್ತಿಸ್ತೀರೋ, ಕೆಳಗೆ ಇಳಿಸ್ತೀರೋ?" ಇಳಿಸುವುದಾದರೆ ಮೊದಲು ಕಾಣುವುದು ಕಣ್ಣು, ಪಕ್ಕದ ಕ್ಯಾಮೆರಾ. ಎತ್ತುವುದಾದರೆ ಮೊದಲು ಜೀರಿಗೆ ಬೆಲ್ಲ ಹಿಡಿದ ಕೈ, ಎದುರಿನ ಕ್ಯಾಮೆರಾ.